ಎರಿ ಹೊಲದ ಹೂವಿಗೆ ಎರವಲು ತಲೆಯ ಪ್ರೋಟೀನು

ಸಿರುಗುಪ್ಪದ ಕಾಲುವೆ ಕೆಳಗೆ ಸೋನಾ ಮಸೂರಿ ಬೆಳೆಯುವವರು ಮನಸ್ಸು ಮಾಡಿದರೆ ಕಣದಲ್ಲೇ ಒಂದೆರಡು ಚೀಲ ಗಟ್ಟಿ ಭತ್ತ ತೆಗೆದಿಟ್ಟು ಮುಂದಿನ ಸಲ ಅದನ್ನೇ ಸಸಿಮಡಿಗೆ ಚೆಲ್ಲಬಹುದು. ಬೆರಕೆಯಾಗದಂತೆ ನೋಡಿಕೊಂಡರಾಯಿತು, ಬೆಳೆ ಹೆಚ್ಚೂಕಡಿಮೆ ಹಿಂದಿನ ವರ್ಷದ್ದೇ ಬರುತ್ತದೆ. ಕುರುಗೋಡಿನ ಕಡೆಯ ಎರಿ ಹೊಲದಲ್ಲಿ ಹಿಂಗಾರಿಗೆ ಹೈಬ್ರಿಡ್ ಸೂರ್ಯಕಾಂತಿ ಬಿತ್ತಿದವರಿಗೆ ಈ ಸೌಕರ್ಯವಿಲ್ಲ. ಉಳಿಸಿಟ್ಟ ಕಾಳನ್ನೇ ಬಿತ್ತಿದರೆ ಗಿಡದ ಎತ್ತರ ಒಂದೊಂದು ಥರ, ಹೂ ಬಿಡುವ ದಿನ ಒಂದೊಂದು ಥರ ಆಗುತ್ತದೆ, ಇಳುವರಿ ಕೈಕೊಡುತ್ತದೆ. ಇದು ರೈತರಿಗೆಲ್ಲ ಗೊತ್ತಿರುವ ಮಾತು. ಅಷ್ಟಾಗಿ ಯಾರ ಕಣ್ಣಿಗೂ ಬೀಳದ್ದು ಇನ್ನೊಂದಿದೆ. ಅಂಥ ಹೊಲದಲ್ಲಿ ನಾಲ್ಕು ಗಿಡಕ್ಕೆ ಒಂದರಂತೆ ಪರಾಗವೇ ಇಲ್ಲದ ತೆನೆಗಳು ಏಳುತ್ತವೆ. ಎಲೆ, ಕಾಂಡ, ಸುತ್ತಲಿನ ಹಳದಿ ದಳ, ಎಲ್ಲ ಪಕ್ಕದ ಗಿಡದಂತೆಯೇ. ತೆನೆಯ ಮೇಲೆ ಬೆರಳಾಡಿಸಿದರೆ ಮಾತ್ರ ಹಳದಿ ಪುಡಿ ಅಂಟುವುದಿಲ್ಲ.

ಈ ಕಾಲು ಭಾಗದ ಲೆಕ್ಕದ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗಕ್ಕೆ, ಅಲ್ಲಿನ ಒಂದು ದೊಡ್ಡ ಯಂತ್ರದ ಒಂದು ಸಣ್ಣ ಭಾಗಕ್ಕೆ. ಬಳ್ಳಾರಿ ಸೀಮೆಯ ಹೈಬ್ರಿಡ್ ಸೂರ್ಯಕಾಂತಿ ಇವತ್ತು ಇರುವಂತೆ ಇರುವುದಕ್ಕೆ ಆ ಭಾಗದ ಹೆಸರು ಹೇಳಿಕೊಂಡು ಒಳನುಗ್ಗಿದ ಒಂದು ಖೋಟಾ ಪ್ರೋಟೀನು ಕಾರಣ.

ಯಂತ್ರದ ಹೆಸರು ಎಟಿಪಿ ಸಿಂಥೇಸ್. ಉಸಿರಾಡುವ ಪ್ರತಿ ಜೀವಿಯ ಕೋಶದಲ್ಲೂ ಅದು ಇದೆ, ನಮ್ಮಲ್ಲೂ ಗಿಡಗಳಲ್ಲೂ. ಕೋಶದ ಒಳಗೆ ಮೈಟೋಕಾಂಡ್ರಿಯಾ ಎಂಬ ಚಿಕ್ಕ ಚಿಕ್ಕ ಘಟಕಗಳಿರುತ್ತವೆ. ಅವುಗಳಿಗೆ ಎರಡು ಪೊರೆ. ತಿಂದ ಆಹಾರದಿಂದ ಕಳಚಿ ಬಂದ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳ ಸಾಲಿನಲ್ಲಿ ಕೈ ಬದಲಾಯಿಸುತ್ತ ಕೊನೆಗೆ ಆಮ್ಲಜನಕ ಸೇರುತ್ತವೆ. ದಾರಿಯಲ್ಲಿ ಬಿಡುಗಡೆಯಾಗುವ ಶಕ್ತಿಯನ್ನು ಬಳಸಿಕೊಂಡು ಆ ಪ್ರೋಟೀನುಗಳು ಪ್ರೋಟಾನುಗಳನ್ನು ಪೊರೆಯ ಒಂದು ಮಗ್ಗುಲಿಗೆ ತಳ್ಳಿ ಗುಡ್ಡೆ ಹಾಕುತ್ತವೆ. ಗುಡ್ಡೆಯಾದದ್ದು ಮತ್ತೆ ಒಳಬರಲು ಹವಣಿಸುತ್ತದೆ. ಒಳಬರಲು ಇರುವ ಮುಖ್ಯ ದಾರಿಯೇ ಎಟಿಪಿ ಸಿಂಥೇಸ್. ಪ್ರೋಟಾನು ಹಾದುಹೋದಂತೆ ಯಂತ್ರ ತಿರುಗುತ್ತದೆ, ತಿರುಗಿದಂತೆ ಎಟಿಪಿ ಎಂಬ ಅಣು ತಯಾರಾಗುತ್ತದೆ. ಒಂದು ಸುತ್ತಿಗೆ ಮೂರು. ಸ್ನಾಯು ಎಳೆಯುವುದಕ್ಕೂ ನರ ಮಿಡಿಯುವುದಕ್ಕೂ ಬೇರು ಉಪ್ಪು ಹೀರುವುದಕ್ಕೂ ಕೋಶ ತೆರುವ ನಾಣ್ಯ ಈ ಎಟಿಪಿಯೇ.

1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಪ್ರೋಟಾನು ಗುಡ್ಡೆಯ ಈ ವಿಚಾರವನ್ನು ಮುಂದಿಟ್ಟಾಗ ಒಪ್ಪಿದವರು ಕಡಿಮೆ. ಅವರಿಗೆ ನೊಬೆಲ್ ಬಂದದ್ದು 1978ರಲ್ಲಿ. ಯಂತ್ರ ತಿರುಗಿಯೇ ಕೆಲಸ ಮಾಡಬೇಕು ಎಂದು ಅಮೆರಿಕದ ಪಾಲ್ ಬಾಯರ್ ತರ್ಕದಿಂದ ಕಂಡುಕೊಂಡಿದ್ದರು. ಕೇಂಬ್ರಿಜ್‌ನ ಜಾನ್ ವಾಕರ್ ಗುಂಪು 1994ರಲ್ಲಿ ಹಸುವಿನ ಹೃದಯದಿಂದ ತೆಗೆದ ಪ್ರೋಟೀನಿನ ರಚನೆಯನ್ನೇ ಬಿಡಿಸಿ ತೋರಿಸಿತು. ಇಬ್ಬರಿಗೂ 1997ರಲ್ಲಿ ನೊಬೆಲ್. ಅದೇ ವರ್ಷ ಜಪಾನಿನ ಹಿರೋಯುಕಿ ನೋಜಿ ಮತ್ತು ಸಂಗಡಿಗರು ಯಂತ್ರದ ನಡುಗಂಬಕ್ಕೆ ಹೊಳೆಯುವ ಒಂದು ಎಳೆ ಅಂಟಿಸಿ, ಅದು ಗರಗರ ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಇಡೀ ಜೀವರಸಾಯನದಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗ ನನಗೆ ಗೊತ್ತಿಲ್ಲ.

ಬಳ್ಳಾರಿ ಸುತ್ತಿನವರಿಗೆ ಇದರ ಅಂಗಾಂಗ ವಿವರಿಸುವುದು ಸುಲಭ. ಬೋರಿನ ಮೋಟಾರು ಸುಟ್ಟುಹೋದಾಗ ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದವರೆಲ್ಲ ಅದರ ಹೊಟ್ಟೆ ಬಿಚ್ಚಿದ್ದನ್ನು ನೋಡಿದ್ದಾರೆ: ತಿರುಗುವ ರೋಟರ್, ಅದರ ಸುತ್ತ ಅಲುಗದೆ ಕೂತ ಸ್ಟೇಟರ್. ಎಟಿಪಿ ಸಿಂಥೇಸಿನಲ್ಲೂ ಹೀಗೆಯೇ. ಪೊರೆಯಲ್ಲಿ ಹುದುಗಿದ ಉಂಗುರ ಮತ್ತು ನಡುಗಂಬ ತಿರುಗುವ ಭಾಗ. ಎಟಿಪಿ ತಯಾರಾಗುವ ಮೇಲಿನ ಗುಂಡು ತಲೆ ತಿರುಗಬಾರದು. ತಿರುಗಿದರೆ ನಡುಗಂಬದ ಜೊತೆ ತಾನೂ ಸುತ್ತುತ್ತದೆ, ಕೆಲಸ ಕೆಡುತ್ತದೆ. ಮೋಟಾರಿನ ಬಾಡಿಯನ್ನು ಬೋಲ್ಟು ಹಾಕಿ ಬಿಗಿಯದಿದ್ದರೆ ಆಗುವ ಗತಿಯೇ ಅದಕ್ಕೂ. ಆದ್ದರಿಂದ ತಲೆಯನ್ನು ಪೊರೆಗೆ ಕಟ್ಟಿ ಹಿಡಿಯಲು ಪಕ್ಕದಲ್ಲೊಂದು ಊರೆಗಂಬವಿದೆ. ಆ ಊರೆಗಂಬದ ಬುಡದಲ್ಲಿ, ಪೊರೆಯೊಳಗೆ ಕಾಲೂರಿ ನಿಂತ ಪುಟ್ಟ ಪ್ರೋಟೀನೇ 8ನೇ ಉಪಘಟಕ. ಮನುಷ್ಯರಲ್ಲಿ ಅದರ ಉದ್ದ ಬರೀ 68 ಅಮೈನೋ ಆಮ್ಲ, ಯೀಸ್ಟಿನಲ್ಲಿ 48. ತಾನಾಗಿ ಅದು ಎಟಿಪಿ ತಯಾರಿಸುವುದಿಲ್ಲ, ತಿರುಗುವುದೂ ಇಲ್ಲ. ಅದಿಲ್ಲದಿದ್ದರೆ ಯಂತ್ರ ಸರಿಯಾಗಿ ಜೋಡಣೆಯಾಗುವುದಿಲ್ಲ.

ಇನ್ನೊಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. ಈ ಯಂತ್ರದ ಬಹುಪಾಲು ಭಾಗಗಳ ನಕ್ಷೆ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಕೆಲವು ಭಾಗಗಳದ್ದು ಮಾತ್ರ ಮೈಟೋಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲಿ. ನಮ್ಮಲ್ಲಿ ಹಾಗೆ ಉಳಿದವು ಎರಡೇ, 6 ಮತ್ತು 8ನೇ ಉಪಘಟಕ. ಗಿಡಗಳಲ್ಲಿ ಐದು. ಕೋಶಕೇಂದ್ರದ ಡಿಎನ್‌ಎ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಮೈಟೋಕಾಂಡ್ರಿಯಾ ಬರುವುದು ಸಾಮಾನ್ಯವಾಗಿ ತಾಯಿಯಿಂದ ಮಾತ್ರ. ಸೂರ್ಯಕಾಂತಿಯ ಕಥೆಯೆಲ್ಲ ನಿಂತಿರುವುದು ಈ ತಾಯಿಪಾಲಿನ ಮೇಲೆ.

ಈಗ ಹೊಲಕ್ಕೆ. ಹೈಬ್ರಿಡ್ ಬೀಜ ಎಂದರೆ ಎರಡು ಬೇರೆ ತಳಿಗಳ ಕೂಡಿಕೆಯ ಮೊದಲ ಪೀಳಿಗೆ. ಹತ್ತಿಯಲ್ಲಿ ಅದನ್ನು ಕೈಯಿಂದಲೇ ಮಾಡುತ್ತಾರೆ. ಧಾರವಾಡದಲ್ಲಿ ಬಿ. ಎಚ್. ಕತರಕಿ ಅವರು ರೂಪಿಸಿದ ವರಲಕ್ಷ್ಮಿ 1972ರಲ್ಲಿ ಬಂದ ಮೇಲೆ ಹತ್ತಿ ಬೀಜೋತ್ಪಾದನೆ ಉತ್ತರ ಕರ್ನಾಟಕದಲ್ಲಿ ಒಂದು ಕಸುಬೇ ಆಯಿತು. ಸಂಜೆ ಮೊಗ್ಗಿನ ಕೇಸರ ಕಿತ್ತುಹಾಕುವುದು, ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುವುದು. ಆ ಕೆಲಸಕ್ಕೆ ಎಷ್ಟು ಎಳೆಯ ಕೈಗಳು ಸವೆದವು ಎಂಬುದು ಬೇರೆಯೇ ಒಂದು ಲೇಖನದ ಮಾತು. ಸೂರ್ಯಕಾಂತಿಯಲ್ಲಿ ಈ ಉಪಾಯ ಸಾಗುವುದಿಲ್ಲ. ನಾವು ಒಂದು ಹೂ ಎನ್ನುವುದು ಸಾವಿರಕ್ಕೂ ಮಿಕ್ಕಿದ ಕಿರುಹೂಗಳ ತಟ್ಟೆ. ಅಂಚಿನಿಂದ ನಡುವಿಗೆ ದಿನಕ್ಕಿಷ್ಟು ಸುತ್ತಿನಂತೆ ಅರಳುತ್ತ ಹೋಗುತ್ತವೆ. ಒಂದೊಂದರಲ್ಲೂ ಐದು ಕೇಸರ ಕೂಡಿ ಒಂದು ಕೊಳವೆ. ಮೊದಲು ಪರಾಗ ಹೊರಬರುತ್ತದೆ, ಆಮೇಲೆ ಶಲಾಕೆ ಬಾಯ್ದೆರೆಯುತ್ತದೆ. ಎಕರೆಗಟ್ಟಲೆ ಹೊಲದಲ್ಲಿ ಚಿಮಟ ಹಿಡಿದು ಇಷ್ಟನ್ನು ಕೀಳುವವರಾರು?

ಬೇಕಾಗಿದ್ದದ್ದು ತಾನಾಗಿಯೇ ಪರಾಗ ಕೊಡದ ತಾಯಿ ತಳಿ. 1969ರಲ್ಲಿ ಫ್ರಾನ್ಸಿನ ಪಾತ್ರಿಸ್ ಲೆಕ್ಲೆರ್ಕ್ ಅದನ್ನು ಕಂಡರು. ಉತ್ತರ ಅಮೆರಿಕದ ಕಾಡು ಸೂರ್ಯಕಾಂತಿ ಹೀಲಿಯಾಂಥಸ್ ಪೆಟಿಯೊಲಾರಿಸ್ ಎಂಬುದನ್ನು ತಾಯಿಯಾಗಿಟ್ಟು, ನಾಡು ಸೂರ್ಯಕಾಂತಿಯ ಪರಾಗ ಹಾಕಿ, ಹುಟ್ಟಿದ ಸಂತಾನವನ್ನು ಮತ್ತೆ ಮತ್ತೆ ನಾಡು ತಳಿಗೇ ಕೂಡಿಸುತ್ತ ಹೋದಾಗ ಗಂಡುಬಂಜೆ ಗಿಡಗಳು ಸಿಕ್ಕವು. ಹೆಣ್ಣು ಭಾಗಕ್ಕೆ ಯಾವ ಊನವೂ ಇಲ್ಲ, ಹೊರಗಿನ ಪರಾಗ ಬಿದ್ದರೆ ಕಾಳು ಕಟ್ಟುತ್ತದೆ. ಊನ ತಾಯಿಯ ಕಡೆಯಿಂದಷ್ಟೇ ಇಳಿದು ಬರುತ್ತದೆ. ಆ ಕಾಡುತಾಯಿಯ ಹೆಸರಿನಿಂದ ಈ ಬಗೆಗೆ ಪೆಟ್‌-1 ಎನ್ನುತ್ತಾರೆ. ಬೆನ್ನಿಗೇ 1970ರಲ್ಲಿ ಅಮೆರಿಕದ ಎಂ. ಎಲ್. ಕಿನ್ಮನ್ ಇದಕ್ಕೆ ಮದ್ದನ್ನೂ ಕಂಡರು: ಕೆಲವು ಗಂಡು ತಳಿಗಳ ಕೋಶಕೇಂದ್ರದಲ್ಲಿ ಪರಾಗವನ್ನು ಮರಳಿ ತರುವ ವಂಶವಾಹಿ ಇತ್ತು.

ಭಾರತಕ್ಕೆ ಎಣ್ಣೆಗೆಂದು ಸೂರ್ಯಕಾಂತಿ ಬಂದದ್ದೂ ಅದೇ 1969ರಲ್ಲಿ, ಸೋವಿಯತ್ ಒಕ್ಕೂಟದಿಂದ. ಪೆರೆಡೊವಿಕ್, ಅರ್ಮಾವಿರ್ಸ್ಕಿ ಎಂಬ ಹೆಸರಿನ ಆ ತಳಿಗಳು ಹೈಬ್ರಿಡ್ ಅಲ್ಲ. ಹತ್ತು ವರ್ಷ ಅವುಗಳಲ್ಲೇ ಕಳೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎ. ಸೀತಾರಾಮ್ ಅವರ ತಂಡ 1980ರಲ್ಲಿ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಹೊರತಂದಿತು, ಹೆಸರು ಬಿಎಸ್‌ಎಚ್‌-1. ತಾಯಿ ಸಿಎಂಎಸ್ 234ಎ, ತಂದೆ ಆರ್‌ಎಚ್‌ಎ 274. ಮುಂದೆ ಕೆಬಿಎಸ್‌ಎಚ್‌-1, ಕೆಬಿಎಸ್‌ಎಚ್‌-44, ಕೆಬಿಎಸ್‌ಎಚ್‌-53 ಬಂದವು. ಹೆಸರು ಬದಲಾದವು, ತಂದೆಗಳು ಬದಲಾದವು. ತಾಯಿಯೊಳಗಿನ ಮೈಟೋಕಾಂಡ್ರಿಯಾ ಮಾತ್ರ ಲೆಕ್ಲೆರ್ಕ್ ಅವರ ಕಾಡುಗಿಡದ್ದೇ. ಖಾಸಗಿ ಕಂಪನಿಗಳ ಹೈಬ್ರಿಡ್‌ಗಳದ್ದೂ ಬಹುಪಾಲು ಅದೇ. ಕುರುಗೋಡಿನ ಒಂದು ಗಿಡದ ತಾಯಿ, ತಾಯಿಯ ತಾಯಿ ಎಂದು ಹಿಂದೆ ಎಣಿಸುತ್ತ ಹೋದರೆ ಉಕ್ರೇನಿನ ಹೊಲದ ಗಿಡಕ್ಕೂ ಅದಕ್ಕೂ ಒಂದೇ ಅಜ್ಜಿ.

ಬೀಜೋತ್ಪಾದನೆಯ ಹೊಲ ನೋಡಿದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಮೂರು ಸಾಲು ಹೆಣ್ಣು, ಒಂದು ಸಾಲು ಗಂಡು, ಸುತ್ತ ಗಂಡಿನ ಬೇಲಿ. ಹೆಣ್ಣು ಸಾಲಿನ ತೆನೆ ಅರಳಿದಾಗ ಕೇಸರಗಳು ಪೇಲವವಾಗಿ, ಮೊಟಕಾಗಿ ಒಳಗೇ ಉಳಿಯುತ್ತವೆ. ಜೇನ್ನೊಣ ಮಕರಂದಕ್ಕೆಂದು ಬಂದು ಗಂಡು ಸಾಲಿನ ಪರಾಗ ಮೈಗೆ ಮೆತ್ತಿಕೊಂಡು ಹೆಣ್ಣು ಸಾಲಿಗೆ ಹಾರಬೇಕು. ಜೇನು ಸಾಲದಿದ್ದರೆ ಬೆಳಗಿನ ಹೊತ್ತು ಮೆತ್ತನೆ ಬಟ್ಟೆಯಿಂದ ಗಂಡು ತೆನೆ ಸವರಿ ಹೆಣ್ಣು ತೆನೆಗೆ ಸವರುತ್ತಾರೆ. ತಾಯಿ ತಳಿಯನ್ನು ಉಳಿಸಿಕೊಳ್ಳುವುದಕ್ಕೂ ಒಂದು ಉಪಾಯ ಇದೆ: ಅದರದೇ ತದ್ರೂಪ, ಆದರೆ ಮಾಮೂಲಿ ಮೈಟೋಕಾಂಡ್ರಿಯಾ ಇರುವ, ಪರಾಗ ಕೊಡುವ ಜೋಡಿ ತಳಿ. ಬೀಜದವರ ಮಾತಿನಲ್ಲಿ ಎ ಲೈನ್, ಬಿ ಲೈನ್, ಆರ್ ಲೈನ್. ಎ ಎಂದರೆ ಬಂಜೆ ತಾಯಿ, ಬಿ ಎಂದರೆ ಆ ಜೋಡಿ, ಆರ್ ಎಂದರೆ ಪರಾಗ ಮರಳಿ ತರುವ ತಂದೆ.

ಇಷ್ಟನ್ನು ತಳಿ ವಿಜ್ಞಾನಿಗಳು ಹೊಲದಲ್ಲೇ ಕಂಡುಕೊಂಡು ಬೀಜ ಮಾರಿ ಹತ್ತು ವರ್ಷ ಕಳೆದ ಮೇಲೂ ಕೋಶದ ಒಳಗೆ ಏನಾಗಿದೆ ಎಂಬುದು ಗೊತ್ತಿರಲಿಲ್ಲ. 1991ರ ಹೊತ್ತಿಗೆ ಜರ್ಮನಿಯ ಕ್ಲೌಸ್ ಜೆಟ್ಶೆ, ರೆನಾಟೆ ಹಾರ್ನ್ ಅವರಿದ್ದ ಗುಂಪು ಬಂಜೆ ಗಿಡದ ಮೈಟೋಕಾಂಡ್ರಿಯಾ ಡಿಎನ್‌ಎಯಲ್ಲಿ ಎಡವಟ್ಟಿನ ಜಾಗ ಪತ್ತೆ ಮಾಡಿತು. ಸುಮಾರು 12,000 ಅಕ್ಷರದ ಒಂದು ತುಂಡು ತಿರುಗುಮುರುಗಾಗಿತ್ತು, 5,000 ಅಕ್ಷರದ ಇನ್ನೊಂದು ತುಂಡು ಬಂದು ಸೇರಿತ್ತು. ಈ ಗಲಿಬಿಲಿಯಲ್ಲಿ ಹುಟ್ಟಿದ್ದು ಹಿಂದೆಂದೂ ಇಲ್ಲದ ಒಂದು ವಂಶವಾಹಿ. ಉದ್ದ 522 ಅಕ್ಷರ, ಹಾಗಾಗಿ ಹೆಸರು ಓಆರ್‌ಎಫ್‌-522. ಅದು ಕೂತಿರುವ ಜಾಗ ಎಟಿಪಿ ಸಿಂಥೇಸಿನ ಆಲ್ಫಾ ಉಪಘಟಕದ ವಂಶವಾಹಿಯ ಬೆನ್ನಿಗೆ. ಆಲ್ಫಾದ ಪ್ರತಿ ತೆಗೆಯುವಾಗ ಇದರ ಪ್ರತಿಯೂ ಜೊತೆಗೇ ಬಂದುಬಿಡುತ್ತದೆ, ದೊಡ್ಡವರ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ. ಅದರಿಂದ ತಯಾರಾಗುವ ಪ್ರೋಟೀನಿನ ತೂಕ 15 ಕಿಲೋಡಾಲ್ಟನ್. ಅದರ ತಲೆಯ ಸುಮಾರು 18 ಅಮೈನೋ ಆಮ್ಲಗಳು ಓಆರ್‌ಎಫ್‌ಬಿ ಎಂಬ ಇನ್ನೊಂದು ಪ್ರೋಟೀನಿನಿಂದ ಅಕ್ಷರಶಃ ಎರವಲು. ಮುಂಡ ಮಾತ್ರ ಯಾರದೂ ಅಲ್ಲ.

ಓಆರ್‌ಎಫ್‌ಬಿ ಏನು ಎಂದು ಆಗ ಖಚಿತವಾಗಿ ಯಾರೂ ಹೇಳುವಂತಿರಲಿಲ್ಲ. ಎಲ್ಲ ಗಿಡಗಳ ಮೈಟೋಕಾಂಡ್ರಿಯಾದಲ್ಲೂ ಇತ್ತು. ಕೆಲಸ ತಿಳಿಯದ್ದರಿಂದ ಹೆಸರೂ ಇರಲಿಲ್ಲ, ಬರೀ ಕ್ರಮಾಕ್ಷರ. ಬೇರೆ ಜೀವಿಗಳ 8ನೇ ಉಪಘಟಕವನ್ನು ಅದು ದೂರದಿಂದ ಹೋಲುತ್ತದೆ ಎಂಬ ಗುಮಾನಿ ಮಾತ್ರ ಇತ್ತು. 2003ರಲ್ಲಿ ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಲೀವರ್ ಪ್ರಯೋಗಾಲಯದ ಮೊಹಮ್ಮದ್ ಸಾಬರ್ ಮತ್ತು ಸಂಗಡಿಗರು ಸೂರ್ಯಕಾಂತಿಯ ಎಟಿಪಿ ಸಿಂಥೇಸನ್ನು ಇಡಿಯಾಗಿ ಬೇರ್ಪಡಿಸಿ ಅದರೊಳಗೆ ಓಆರ್‌ಎಫ್‌ಬಿ ಕೂತಿರುವುದನ್ನು ತೋರಿಸಿದರು. ಗುಮಾನಿ ನಿಜವಾಗಿತ್ತು, ಅದು 8ನೇ ಉಪಘಟಕವೇ. ಅದೇ ವರ್ಷ ಆಸ್ಟ್ರೇಲಿಯಾದ ಇನ್ನೊಂದು ಗುಂಪೂ ಬೇರೆ ಗಿಡದಲ್ಲಿ ಇದೇ ತೀರ್ಮಾನಕ್ಕೆ ಬಂತು. ಜೊತೆಗೆ ಆಕ್ಸ್‌ಫರ್ಡಿನವರು ಇನ್ನೊಂದನ್ನೂ ಅಳೆದರು: ಬಂಜೆ ಗಿಡದ ಎಟಿಪಿ ಸಿಂಥೇಸ್ ಚುರುಕು ಕಳೆದುಕೊಂಡಿತ್ತು. ಒಂದೇ ತಲೆ ಹೊತ್ತ ಎರಡು ಪ್ರೋಟೀನುಗಳು ಒಂದೇ ಜಾಗಕ್ಕೆ ಪೈಪೋಟಿಗಿಳಿದು ಯಂತ್ರದ ಜೋಡಣೆಗೆ ಅಡ್ಡಿ ಮಾಡುತ್ತಿರಬಹುದು ಎಂಬುದು ಅಲ್ಲಿಂದ ಹುಟ್ಟಿದ ವಿವರಣೆ. ಎಲ್ಲ ಕೊಂಡಿಗಳೂ ಕೂಡಿಬಂದ ವಿವರಣೆ ಇದಲ್ಲ. ಆದರೆ ಸಾಕ್ಷ್ಯಗಳು ಬೆರಳು ಮಾಡುವುದು ಈ ಕಡೆಗೇ.

ಇಲ್ಲಿ ಯಾರಿಗಾದರೂ ಏಳುವ ಪ್ರಶ್ನೆ: ಯಂತ್ರ ಇಡೀ ಗಿಡದಲ್ಲಿದೆ, ಖೋಟಾ ಪ್ರೋಟೀನು ಬಂಜೆ ಗಿಡದ ಎಲೆಯಲ್ಲೂ ಬೇರಿನಲ್ಲೂ ಇದೆ. ಹಾಗಿದ್ದರೆ ಎಲೆ ಬಾಡದೆ, ಬೇರು ಸೊರಗದೆ ಪರಾಗ ಮಾತ್ರ ಯಾಕೆ ಸಾಯುತ್ತದೆ?

ಉತ್ತರ ಇರುವುದು ಬೇಡಿಕೆಯಲ್ಲಿ. ಪರಾಗಕೋಶದ ಒಳಗೋಡೆಗೆ ಟಪೀಟಮ್ ಎಂಬ ಒಂದು ಪದರ ಇರುತ್ತದೆ. ಬೆಳೆಯುತ್ತಿರುವ ಪರಾಗಕ್ಕೆ ಉಣಿಸುವುದು, ಅದರ ಹೊರಕವಚಕ್ಕೆ ಬೇಕಾದ್ದನ್ನು ಒದಗಿಸುವುದು ಇದರ ಕೆಲಸ. ಕೆಲಸ ಮುಗಿದ ಮೇಲೆ ತಾನೇ ಕರಗಿಹೋಗುತ್ತದೆ. ಅಲ್ಪಾಯುಷಿ ಪದರ, ಆದರೆ ಬದುಕಿರುವಷ್ಟು ದಿನ ದುಡಿಯುವುದು ಮೈಮುರಿದು. 1970ರ ದಶಕದ ಕೊನೆಯಲ್ಲಿ ಎಚ್. ಇ. ವಾರ್ಮ್ಕೆ ಮತ್ತು ಎಸ್. ಎಲ್. ಜೆ. ಲೀ ಎಂಬ ವಿಜ್ಞಾನಿಗಳು ಮೆಕ್ಕೆಜೋಳದಲ್ಲಿ ಮೈಟೋಕಾಂಡ್ರಿಯಾಗಳನ್ನು ಎಣಿಸಿದರು. ಪರಾಗಕೋಶ ಬೆಳೆಯುವಾಗ ಟಪೀಟಮ್ ಕೋಶವೊಂದರಲ್ಲಿ ಅವು 40 ಪಟ್ಟು ಹೆಚ್ಚಾಗಿದ್ದವು, ಪರಾಗವಾಗಲಿರುವ ಕೋಶಗಳಲ್ಲಿ 20 ಪಟ್ಟು. ಗಿಡದ ಬಾಳಿನಲ್ಲಿ ಶಕ್ತಿಗೆ ಇಂಥ ಹಸಿವು ಬೇರೆಲ್ಲೂ ಬರುವುದಿಲ್ಲ. ಎಲೆಗೆ ಮಂದಗತಿಯ ಯಂತ್ರದಿಂದಲೂ ದಿನ ದೂಡಬಹುದು, ಟಪೀಟಮಿಗೆ ಆಗದು.

ಹಸಿವಿನಿಂದಲೇ ಸಾಯುತ್ತದೆ ಎಂದು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತು. 2001ರಲ್ಲಿ ಯಾನೆಕೆ ಬಾಲ್ಕ್ ಮತ್ತು ಲೀವರ್ ಸೂರ್ಯಕಾಂತಿಯ ಬಂಜೆ ಕಿರುಹೂಗಳನ್ನು ಹಂತಹಂತವಾಗಿ ನೋಡಿದಾಗ ಟಪೀಟಮ್ ಕೋಶಗಳು ಕೊಳೆತು ಸಾಯುತ್ತಿರಲಿಲ್ಲ, ಕ್ರಮಬದ್ಧವಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದವು. ಸೈಟೋಕ್ರೋಮ್‌-ಸಿ ಎಂಬ ಪ್ರೋಟೀನು ಮೈಟೋಕಾಂಡ್ರಿಯಾದಿಂದ ಹೊರಗೆ ಸೋರಿ ಬರುತ್ತಿತ್ತು. ಪ್ರಾಣಿಗಳ ಕೋಶಗಳಲ್ಲಿ ಅದು ಸಾವಿನ ಕರೆ. ಟಪೀಟಮ್ ಹೇಗಿದ್ದರೂ ಸಾಯಬೇಕಾದ್ದೇ. ಬಂಜೆ ಗಿಡದಲ್ಲಿ ಆ ಸಾವು ಪರಾಗ ಬಲಿಯುವ ಮೊದಲೇ ಬಂದುಬಿಡುತ್ತದೆ. ಉಣಿಸುವವಳು ಹೋದ ಮೇಲೆ ಕೂಸು ಉಳಿಯುವುದಿಲ್ಲ.

ಮನುಷ್ಯರಲ್ಲೂ ಇದೇ ತರ್ಕ ಕೆಲಸ ಮಾಡುತ್ತದೆ. 6ನೇ ಉಪಘಟಕದ ನಕ್ಷೆಯಲ್ಲಿ, 8993ನೇ ಜಾಗದ ಒಂದೇ ಒಂದು ಅಕ್ಷರ ತಪ್ಪಿದರೂ ಏಟು ಬೀಳುವುದು ಮೊದಲು ಮಿದುಳು, ನರ, ಕಣ್ಣಿನ ಅಕ್ಷಿಪಟಕ್ಕೆ, ಅಂದರೆ ಶಕ್ತಿಯನ್ನು ಹೆಚ್ಚು ಬೇಡುವ ಅಂಗಗಳಿಗೆ. ಅದೂ ತಾಯಿಯಿಂದಲೇ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೈಟೋಕಾಂಡ್ರಿಯಾ ಕಾಯಿಲೆಗಳನ್ನು ನೋಡುವ ವೈದ್ಯರು ಮನೆತನದ ವಿವರ ಕೇಳುವಾಗ ತಾಯಿಯ ಕಡೆಯವರನ್ನು ವಿಶೇಷವಾಗಿ ವಿಚಾರಿಸುವುದು ಇದಕ್ಕೇ.

ಮತ್ತೆ ರೈತರ ಹೊಲಕ್ಕೆ ಬರೋಣ. ಅಲ್ಲಿ ಬೇಕಾದ್ದು ಕಾಳು. ಕಾಳು ಕಟ್ಟಲು ಪರಾಗ ಬೇಕೇ ಬೇಕು. ತಂದೆ ತಳಿಯ ಕೋಶಕೇಂದ್ರದಲ್ಲಿರುವ ಆರ್‌ಎಫ್‌-1 ಎಂಬ ವಂಶವಾಹಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಕೆಟ್ಟ ಡಿಎನ್‌ಎಯನ್ನು ರಿಪೇರಿ ಮಾಡುವುದಿಲ್ಲ. ಓಆರ್‌ಎಫ್‌-522ರ ಆರ್‌ಎನ್‌ಎ ಪ್ರತಿಗಳು ಕಿರುಹೂವಿನ ಗಂಡು ಭಾಗದಲ್ಲಿ ಬೇಗ ಚೂರಾಗುವಂತೆ ಮಾಡುತ್ತದೆ, ಅಷ್ಟೇ. ಲೀವರ್ ಅವರ ಗುಂಪೇ 1994 ಮತ್ತು 1999ರಲ್ಲಿ ಇದನ್ನು ತೋರಿಸಿತು. ನನಗೆ ಬಹಳ ಇಷ್ಟವಾದ ವಿವರ ಇದು: ಹೈಬ್ರಿಡ್ ಗಿಡ ವಾಸಿಯಾಗುವುದು ಹೂವಿನ ಗಂಡು ಅಂಗದಲ್ಲಿ ಮಾತ್ರ. ಬಳ್ಳಾರಿಯ ಬಿಸಿಲಿಗೆ ಎದೆಯೊಡ್ಡಿ ನಿಂತ ಎಲೆಗಳಲ್ಲಿ ಖೋಟಾ ಪ್ರೋಟೀನು ಹಾಗೆಯೇ ತಯಾರಾಗುತ್ತಿರುತ್ತದೆ, ಗಿಡ ಅದನ್ನು ಲೆಕ್ಕಿಸದೆ ಬೆಳೆಯುತ್ತದೆ.

ಕಾಲು ಭಾಗದ ಲೆಕ್ಕ ಈಗ ಬಿಡಿಸಬಹುದು. ಹೈಬ್ರಿಡ್ ಗಿಡಕ್ಕೆ ಆರ್‌ಎಫ್‌-1 ತಂದೆಯಿಂದ ಒಂದು ಪ್ರತಿ ಬಂದಿರುತ್ತದೆ. ತಾಯಿಯಿಂದ ಬಂದದ್ದು ಕೆಲಸ ಮಾಡದ ಪ್ರತಿ. ಅದರ ಕಾಳನ್ನು ಬಿತ್ತಿದರೆ ಎಲ್ಲ ಗಿಡಕ್ಕೂ ತಾಯಿಪಾಲಿನ ಊನ ತಪ್ಪದೆ ಬರುತ್ತದೆ; ಮದ್ದು ಮಾತ್ರ ನಾಲ್ಕರಲ್ಲಿ ಮೂರಕ್ಕೆ. ಮೂಲ ಬೀಜ ಕೊಂಡ ರೈತರ ಹೊಲದಲ್ಲಿ ಪ್ರತಿ ಗಿಡದಲ್ಲೂ ರೋಗವೂ ಇದೆ, ಮದ್ದೂ ಇದೆ.

ಕಳೆದು ಹೋಗಬೇಕಾದ ಊನವೊಂದು ಪ್ರಕೃತಿಯಲ್ಲಿ ಉಳಿದದ್ದಾದರೂ ಹೇಗೆ? ಮೈಟೋಕಾಂಡ್ರಿಯಾದ ಕಡೆ ನಿಂತು ನೋಡಿದರೆ ಅರ್ಥವಾಗುತ್ತದೆ. ಅದು ಮುಂದಿನ ಪೀಳಿಗೆಗೆ ದಾಟುವುದು ಕಾಳಿನ ಮೂಲಕ, ಪರಾಗದ ಮೂಲಕ ಅಲ್ಲ. ಪರಾಗ ಉಳಿದರೇನು, ಅಳಿದರೇನು, ಅದಕ್ಕೆ ನಷ್ಟವಿಲ್ಲ. ಪರಾಗಕ್ಕೆ ಹೋಗುವ ಶಕ್ತಿ ಕಾಳಿಗೆ ಸಂದರೆ ಲಾಭವೇ. ಕೋಶಕೇಂದ್ರದ ವಂಶವಾಹಿಗಳಿಗೆ ಮಾತ್ರ ಪರಾಗವೂ ಬೇಕು. ಆರ್‌ಎಫ್‌ ಬಗೆಯ ವಂಶವಾಹಿಗಳು ಹುಟ್ಟಿದ್ದೇ ಈ ಜಗಳದಲ್ಲಿ. ಕಾಡುಗಿಡಗಳಲ್ಲಿ ಲಕ್ಷಾಂತರ ವರ್ಷಗಳಿಂದ ನಡೆದ ತಾಯಿಪಾಲು-ತಂದೆಪಾಲಿನ ವ್ಯಾಜ್ಯವನ್ನು ಬೀಜದ ಉದ್ಯಮ ತನ್ನ ಬಂಡವಾಳ ಮಾಡಿಕೊಂಡಿದೆ.

ಸೂರ್ಯಕಾಂತಿ ಒಂದೇ ಅಲ್ಲ. ಬಳ್ಳಾರಿ ಸೀಮೆಯ ಇನ್ನೊಂದು ಬೆಳೆ ಮೆಣಸಿನಕಾಯಿಯಲ್ಲಿ ಗಂಡುಬಂಜೆತನವನ್ನು ಮೊದಲು ಕಂಡದ್ದು 1958ರಲ್ಲಿ ಅಮೆರಿಕದ ಪಿ. ಎ. ಪೀಟರ್ಸನ್, ಅವರು ನೋಡುತ್ತಿದ್ದ ಗಿಡ ಭಾರತದಿಂದ ಹೋಗಿ ಪಿಐ 164835 ಎಂಬ ಸಂಖ್ಯೆಯಡಿ ಅಲ್ಲಿನ ಸಂಗ್ರಹ ಸೇರಿದ್ದು. ಅರ್ಧ ಶತಮಾನದ ಮೇಲೆ ಕೊರಿಯಾದ ವಿಜ್ಞಾನಿಗಳು ಅದರ ಮೈಟೋಕಾಂಡ್ರಿಯಾ ಬಿಚ್ಚಿದಾಗ ಸಿಕ್ಕ ಆರೋಪಿಗಳಲ್ಲಿ ಒಂದು ಎಟಿಪಿ ಸಿಂಥೇಸಿನ 6ನೇ ಉಪಘಟಕದ ಮೊಂಡು ಪ್ರತಿ. ಸಾಸಿವೆಯ ಜಾತಿಯಲ್ಲಿ ಬಳಕೆಯಲ್ಲಿರುವ ಒಗುರಾ ಬಗೆಯ ಬಂಜೆತನದ ವಂಶವಾಹಿ 8ನೇ ಉಪಘಟಕದ ಮಗ್ಗುಲಲ್ಲೇ ಕೂತಿದೆ. ಭತ್ತದಲ್ಲಿ ಸ್ವಲ್ಪ ಬೇರೆ: 1970ರಲ್ಲಿ ಚೀನಾದ ಹೈನಾನ್ ದ್ವೀಪದ ಕಾಡುಭತ್ತದಲ್ಲಿ ಸಿಕ್ಕ ಬಂಜೆತನದ ಪ್ರೋಟೀನು ಉಸಿರಾಟದ ಸಾಲಿನ ಕೊನೆಯ ಯಂತ್ರವಾದ ಸೈಟೋಕ್ರೋಮ್ ಆಕ್ಸಿಡೇಸನ್ನು ಜೋಡಿಸುವ ಸಹಾಯಕನ ಕೈ ಹಿಡಿದುಕೊಳ್ಳುತ್ತದೆ ಎಂದು 2013ರಲ್ಲಿ ತಿಳಿಯಿತು. ಮಂಡ್ಯದಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್‌-2 ಹೈಬ್ರಿಡ್ ಭತ್ತದ ತಾಯಿಗೂ ಇದೇ ಹೈನಾನ್ ಮೈಟೋಕಾಂಡ್ರಿಯಾ. ಎಲ್ಲೆಲ್ಲೂ ಏಟು ಬಿದ್ದಿರುವುದು ಶಕ್ತಿ ತಯಾರಿಯ ಯಂತ್ರಗಳ ಆಸುಪಾಸಿನಲ್ಲೇ ಎನ್ನುವುದು ಕಾಕತಾಳೀಯ ಅಲ್ಲ. ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ ಬಹಳಷ್ಟು ಅವುಗಳ ನಕ್ಷೆಯೇ ತುಂಬಿದೆ, ಅಲ್ಲಿ ಗಲಿಬಿಲಿಯಾದರೆ ತುಂಡುಗಳು ಅವುಗಳದ್ದೇ ಆಗಿರುತ್ತವೆ.

ಇಷ್ಟು ಜಾಣತನದ ವ್ಯವಸ್ಥೆಯಲ್ಲಿ ನನಗೆ ಅಳುಕು ಹುಟ್ಟಿಸುವುದು ಅದರ ಒಂದೇತನ. 1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಆದದ್ದನ್ನು ಕೃಷಿ ಕಾಲೇಜುಗಳಲ್ಲಿ ಈಗಲೂ ಪಾಠ ಹೇಳುತ್ತಾರೆ. ಆಗ ಅಲ್ಲಿನ ಮೆಕ್ಕೆಜೋಳದ ಸುಮಾರು 85 ಶೇಕಡಾ ಟೆಕ್ಸಾಸ್ ಬಗೆಯ ಒಂದೇ ಬಂಜೆ ಮೈಟೋಕಾಂಡ್ರಿಯಾದ್ದಾಗಿತ್ತು. ಬಂಜೆತನ ತರುತ್ತಿದ್ದ 13 ಕಿಲೋಡಾಲ್ಟನ್ ಪ್ರೋಟೀನು ಒಳಪೊರೆಯಲ್ಲಿ ಕೂತಿರುತ್ತಿತ್ತು, ಸುಮ್ಮನೆ. ಎಲೆ ಅಂಗಮಾರಿ ತರುವ ಶಿಲೀಂಧ್ರದ ಒಂದು ಹೊಸ ಬಗೆ ಹುಟ್ಟಿಕೊಂಡು, ಅದರ ವಿಷ ತಗುಲಿದ್ದೇ ತಡ, ಆ ಪ್ರೋಟೀನು ಪೊರೆಯಲ್ಲಿ ತೂತಾಗಿ ತೆರೆದುಕೊಂಡಿತು. ಪ್ರೋಟಾನು ಗುಡ್ಡೆ ಸೋರಿಹೋಯಿತು, ಎಟಿಪಿ ನಿಂತಿತು, ಎಲೆ ಸುಟ್ಟವು. ದೇಶದ ಬೆಳೆಯ ಸುಮಾರು 15 ಶೇಕಡಾ ಒಂದೇ ಹಂಗಾಮಿನಲ್ಲಿ ಹೋಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿನವರು ಮತ್ತೆ ಕೈಯಿಂದ ಗಂಡು ತೆನೆ ಮುರಿಯುವ ಕೆಲಸಕ್ಕೇ ಮರಳಿದರು.

ಸೂರ್ಯಕಾಂತಿಯಲ್ಲಿ ಅಂಥದ್ದು ನಡೆದಿಲ್ಲ. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಾಣಿಸಿಕೊಂಡು ಆಮೇಲೆ ಬೆಳೆಯನ್ನೇ ಅಲ್ಲಾಡಿಸಿದ ನೆಕ್ರೋಸಿಸ್ ರೋಗ ನುಸಿ ಮತ್ತು ಪಾರ್ಥೇನಿಯಂ ಕಳೆಯ ಮೂಲಕ ಹಬ್ಬುವ ವೈರಸ್ಸಿನದು, ಮೈಟೋಕಾಂಡ್ರಿಯಾಕ್ಕೆ ಅದರ ಗೊಡವೆಯಿಲ್ಲ. ಪೆಟ್‌-1 ಅರ್ಧ ಶತಮಾನ ದಾಟಿಯೂ ತಾಳಿಕೊಂಡಿದೆ. ಹಾಗೆಂದು ಮುಂದೆಯೂ ತಾಳುತ್ತದೆ ಎನ್ನಲು ಯಾವ ಶಾಸ್ತ್ರವೂ ಇಲ್ಲ. ಗಂಡುಬಂಜೆತನ ತರುವ ಬೇರೆ ಮೂಲಗಳು ಸೂರ್ಯಕಾಂತಿಯಲ್ಲಿ 70ಕ್ಕೂ ಹೆಚ್ಚು ದಾಖಲಾಗಿವೆ. ಅವುಗಳಲ್ಲಿ ಬಹುಪಾಲಿಗೆ ತಕ್ಕ ಮದ್ದಿನ ತಂದೆ ತಳಿ ಕೈಗೆ ಸಿಗುವುದಿಲ್ಲ. ಸಿಕ್ಕರೂ ಅದನ್ನು ಒಳ್ಳೆ ಎಣ್ಣೆ ಕೊಡುವ, ಬರ ತಾಳುವ ತಳಿಯಾಗಿ ಪಳಗಿಸಲು ವರ್ಷಗಳು ಬೇಕು. ಪೆಟ್‌-1ಕ್ಕೆ ತಂದೆಗಳು ಧಾರಾಳ, ಹಾಗಾಗಿ ಎಲ್ಲರೂ ಅದಕ್ಕೇ ಜೋತುಬಿದ್ದಿದ್ದಾರೆ.

ಖರ್ಚು ಮಾಡಿ ಹುಡುಕುವವರು ಯಾರು ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. 1993-94ರ ಸುಮಾರಿಗೆ ದೇಶದಲ್ಲಿ 25 ಲಕ್ಷ ಹೆಕ್ಟೇರಿಗೂ ಮಿಕ್ಕಿ ಸೂರ್ಯಕಾಂತಿ ಇತ್ತು. ಅಗ್ಗದ ಆಮದು ಎಣ್ಣೆ, ರೋಗ, ನೀರು ಬಂದಲ್ಲಿ ಭತ್ತಕ್ಕೆ ಹೊರಳಿದ ರೈತರು, ಇವೆಲ್ಲ ಸೇರಿ ಈಗ ಅದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಉಳಿದದ್ದರಲ್ಲಿ ಕರ್ನಾಟಕದ್ದೇ ದೊಡ್ಡ ಪಾಲು. ಕುಗ್ಗುತ್ತಿರುವ ಬೆಳೆಗೆ ಕಂಪನಿಗಳು ಹೊಸ ತಾಯಿ ಹುಡುಕುತ್ತವೆಂದು ನಾನು ನಂಬುವುದಿಲ್ಲ. ಅದು ಬೆಂಗಳೂರು, ರಾಯಚೂರಿನಂಥ ಕೃಷಿ ವಿಶ್ವವಿದ್ಯಾಲಯಗಳ, ಹೈದರಾಬಾದಿನ ಎಣ್ಣೆಬೀಜ ಸಂಶೋಧನಾ ಸಂಸ್ಥೆಯ ಪಾಲಿಗೇ ಬೀಳುವ ಕೆಲಸ. ರೈತರಿಗಂತೂ ತಿಳಿದುಕೊಳ್ಳುವ ದಾರಿಯೇ ಇಲ್ಲ. ಬಳ್ಳಾರಿಯ ಬೀಜದ ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ದಿನಾಂಕ ಇರಲೇಬೇಕೆಂಬ ನಿಯಮವಿದೆ. ಒಳಗಿರುವುದು ಯಾವ ತಾಯಿಯ ಮೈಟೋಕಾಂಡ್ರಿಯಾ ಎಂದು ಬರೆಯಬೇಕೆಂದು ಯಾವ ನಿಯಮವೂ ಕೇಳುವುದಿಲ್ಲ.